ಹತ್ತಿ ಗೋದಾಮಿನ ಪಾಠ

ಹಿತ್ತಾಳೆ ಕಾದಿರುತ್ತದೆ, ಇಷ್ಟು ಬಿಸಿಲಿನಲ್ಲಿ ತುಟಿಗಿಟ್ಟರೆ ಚುರುಕ್ ಎನ್ನುತ್ತದೆ, ನೆರಳಿಗೆ ಹಿಡಿದುಕೊಂಡು ನಿಲ್ಲಬಾರದೇ ಈ ಹುಡುಗ, ಹಂದರದ ಹೊರಗೆ ನಟ್ಟನಡು ಬಿಸಿಲಿಗೆ ಮುಖ ಕೊಟ್ಟು ನಿಂತಿದ್ದಾನೆ, ಕೈಯಲ್ಲಿ ಕಾರ್ನೆಟ್ಟು ತುತ್ತೂರಿ ಥಳಥಳ ಹೊಳೆಯುತ್ತಿದೆ — ಇರಲಿ, ಕಾಯಲಿ, ಚೆನ್ನಾಗಿ ಕಾಯಲಿ, ಅದನ್ನೂ ಹೇಳಿಕೊಡುವುದಕ್ಕೆ ಬೀರಪ್ಪನೇನು ಅವನ ಸೋದರಮಾವನೇ. ಬೀರಪ್ಪ ಕುರ್ಚಿಯಲ್ಲಿ ಕೂತಿದ್ದ. ಹೌದು, ಕುರ್ಚಿ, ಸವದತ್ತಿಯ ನಿಜಗುಣಪ್ಪ ಸಾವುಕಾರನ ಮನೆಯ ಮುಂದೆ, ಅವನ ಮಗಳು ಚನ್ನವ್ವನ ಮದುವೆಯ ಹಂದರದಲ್ಲಿ, ದೊಡವಾಡದ ಕುರಿ ಕಾಯುವವನ ಮಗನಿಗೆ ಬೆತ್ತದ ಕುರ್ಚಿ, ಸಾವುಕಾರನೇ ಆಳಿನ ಕೈಯಿಂದ ತರಿಸಿ ಹಾಕಿಸಿದ್ದು, ಕುಂತ್ರಿ ಮಾಸ್ತರ, ಇವತ್ತ ನಿಮ್ಮ ಶಿಷ್ಯನ ದಿನಾ. ಶಿಷ್ಯನ ದಿನವೇ, ಅದರಲ್ಲೇನು ಸಂಶಯ, ರಾಮದುರ್ಗದ ಬೀಗರ ಬಂಡಿಗಳು ಊರ ಹೊರಗಿನ ಬಾವಿ ದಾಟಿವೆಯಂತೆ, ಅವರು ಹಂದರದ ಮುಂದೆ ಇಳಿದ ಗಳಿಗೆಯಿಂದ ಕಾಲು ತೊಳೆದು ಒಳಗೆ ಬಂದು ಕೂತು ಪಾನಕ ಕುಡಿಯುವವರೆಗೆ ವಾದ್ಯ ನಿಲ್ಲಬಾರದು, ನಿಂತರೆ ಅಪಶಕುನ, ಬೀಗರ ಮುಂದೆ ಮನೆತನದ ಮೂಗು ಕೊಯ್ದ ಹಾಗೆ, ಹಿಂದಿನಿಂದಲೂ ನಡೆದು ಬಂದ ರೂಢಿ. ಈ ಸಲ ಬಾಡಿಗೆಯ ವಾಜಂತ್ರಿಯವರನ್ನು ಸಾವುಕಾರ ಹಿತ್ತಲಿಗೆ ಅಟ್ಟಿದ್ದಾನೆ, ಅಕ್ಕಿಕಾಳು ಬೀಳೂ ಹೊತ್ತಿಗೆ ಬರ್ರಿ ಸಾಕು, ಬೀಗರನ ನಮ್ಮ ಹುಡುಗ ಒಬ್ಬನ ಕರಕೋತಾನ. ಕಾಲೇಜು ಕಲಿಯುವ ಮಗ, ಒಬ್ಬನೇ, ನಿಲ್ಲಿಸದೆ ನುಡಿಸಬೇಕು. ಆ ಹುಡುಗನ ತುಟಿ ಅಷ್ಟು ಹೊತ್ತು ತಾಳುವುದಿಲ್ಲ. ಬೀರಪ್ಪನಿಗೆ ಮಾತ್ರ ಅದು ಗೊತ್ತು, ಏಕೆಂದರೆ ತಾಳದ ಹಾಗೆ ಅದನ್ನು ತಯಾರು ಮಾಡಿದವನು ಬೀರಪ್ಪನೇ.

ಬೀರಪ್ಪನ ನಾಲಿಗೆ ತಾನಾಗಿ ಅಲ್ಲಿಗೆ ಹೋಗುತ್ತದೆ, ಮೇಲಿನ ಸಾಲಿನ ನಡುವೆ, ಹಲ್ಲಿದ್ದ ಜಾಗಕ್ಕೆ, ಈಗ ಬರೀ ವಸಡು, ನುಣ್ಣಗೆ. ಮೀಸೆ ಇಳಿಬಿಟ್ಟಿದ್ದಾನೆ, ಮಾತಾಡುವಾಗ ಹೆಗಲ ಮೇಲಿನ ವಲ್ಲಿಯ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾನೆ, ಜನ ಅದನ್ನು ವಿನಯ ಎಂದುಕೊಂಡಿದ್ದಾರೆ, ವಿನಯವಂತೆ, ಅವರ ತಲೆ. ಇದೇ ಅಂಗಳ. ಅಂದು ನಿಜಗುಣಪ್ಪನ ತಮ್ಮನ ಮದುವೆ, ಬೀರಪ್ಪ ಮುಂಬಯಿಯಿಂದ ರಜೆಗೆ ಬಂದವನು, ಮೈಮೇಲೆ ಹೊಸ ಕೋಟು, ವಾಜಂತ್ರಿಯವರು ಕೈ ಹಿಡಿದು ಎಳೆದರು, ಬಾರೋ ಬೀರಾ, ನಿನ್ನ ಮುಂಬೈ ತುತ್ತೂರಿ ಹೆಂಗ ಒದರತೈತಿ ನೋಡೂಣು, ಇವನೂ ಹುಮ್ಮಸ್ಸಿನಲ್ಲಿ ಹೋದ, ಬೀಗರು ಬರುವಾಗ ಹೆಣ್ಣುಮಕ್ಕಳು ಹಾಡುವ ಧಾಟಿಯನ್ನೇ ಎತ್ತಿಕೊಂಡ, ಮೊದಲು ನೆಟ್ಟಗೆ, ಆಮೇಲೆ — ಪ್ರಾಯ, ಸುಮ್ಮನಿರಬೇಕಲ್ಲ — ಸ್ವಲ್ಪ ಬಗ್ಗಿಸಿದ, ತಾಳದ ಪೆಟ್ಟು ಬಿದ್ದ ಮೇಲೆ ಒಂದು ಎಳೆ ತಡೆದು ಸ್ವರ ಇಟ್ಟ, ಇನ್ನೂ ಒಂದು ಎಳೆ ತಡೆದ, ಬಂಡಿ ಹೊಡೆಯುವವರ ಕಾಲು ತಾವಾಗಿ ಎದ್ದವು, ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು, ಬೀಗರ ಕಡೆಯ ಹಿರಿಯನೊಬ್ಬ ಹುಬ್ಬು ಗಂಟಿಕ್ಕಿದ, ಇದೇನು ಲಗ್ನವೋ ತಮಾಷೆಯೋ ಅಂದ. ಅಷ್ಟೇ. ನಿಜಗುಣಪ್ಪ ಗುಂಪು ಸೀಳಿಕೊಂಡು ಬಂದ, ಸಾಕ ಮಾಡಲೇ ಈ ಮಂಗ್ಯಾನಾಟಾ ಅಂದ, ಅಂಗೈ ಅಗಲಿಸಿ ಕಾರ್ನೆಟ್ಟಿನ ಅರಳಿದ ಬಾಯಿಗೆ ಅಪ್ಪಳಿಸಿದ. ಅವನು ಹೊಡೆದದ್ದು ಹಿತ್ತಾಳೆಗೆ. ಹಿತ್ತಾಳೆಯ ಇನ್ನೊಂದು ತುದಿ ಬೀರಪ್ಪನ ತುಟಿಯ ಮೇಲಿತ್ತು, ಕಟಕ್ ಎಂಬ ಸದ್ದು ಕಿವಿಯಿಂದಲ್ಲ, ತಲೆಬುರುಡೆಯ ಒಳಗಿನಿಂದ ಕೇಳಿಸಿತು, ಬಾಯಿ ತುಂಬ ಬಿಸಿ ಉಪ್ಪು, ಅಂಗೈಗೆ ಉಗುಳಿದರೆ ಹಲ್ಲು, ಮತ್ತೂ ಒಂದು, ಅಷ್ಟರಲ್ಲಿ ನಿಜಗುಣಪ್ಪ ಆ ಕಡೆ ತಿರುಗಿ ಪಾನಕದ ಕೊಡ ಎಲ್ಲೈತಿ ಎಂದು ಕೇಳುತ್ತಿದ್ದ. ಹಿಂದೆ ತಿರುಗಿ ನೋಡಲೂ ಇಲ್ಲ. ಸನಾದಿಯವನು ಬೀರಪ್ಪ ಬಿಟ್ಟ ಕಡೆಯಿಂದ ಧಾಟಿ ಎತ್ತಿಕೊಂಡ, ವಾದ್ಯ ನಿಲ್ಲಬಾರದಲ್ಲ, ಮದುವೆ ಸಾಂಗವಾಗಿ ಮುಗಿಯಿತು.

ಹಲ್ಲು ಹೋದರೆ ಏನು ಮಹಾ, ಊರಲ್ಲಿ ಅರ್ಧ ಜನಕ್ಕೆ ಹಲ್ಲಿಲ್ಲ, ರೊಟ್ಟಿ ಸಾರಿನಲ್ಲಿ ನೆನೆಸಿ ತಿನ್ನುತ್ತಾರೆ, ಹಾಗೆಂದು ಸಮಾಧಾನ ಹೇಳಿದವರೇ ಎಲ್ಲ. ಕಾರ್ನೆಟ್ಟಿನವನಿಗೆ ಮೇಲಿನ ಹಲ್ಲೆಂದರೆ ಗೋಡೆ, ತುಟಿ ಆ ಗೋಡೆಗೆ ಆತುಕೊಂಡರೆ ತಾನೇ ಸ್ವರ, ಗೋಡೆ ಬಿದ್ದ ಮೇಲೆ ಬರೀ ಬುಸ್ ಎಂಬ ಗಾಳಿ. ಅದಕ್ಕೂ ಮೊದಲು ಬೆಳಗಾವಿಯ ದಂಡಿನ ಬ್ಯಾಂಡಿನಲ್ಲಿ ಹೊಡೆತ ತಿಂದು ಕಲಿತಿದ್ದ, ಮುಂಬಯಿಯ ಹೋಟೆಲಿನಲ್ಲಿ ಗೋವಾದ ಮಿಂಗೆಲ್ ಮಾಸ್ತರನ ಕೈಕೆಳಗೆ ಕುಣಿತದ ಬ್ಯಾಂಡಿಗೆ ಸೇರಿದ, ಜಾಝ್ ಎಂಬ ಮಾತು ಅಲ್ಲಿ ಮೊದಲು ಕಿವಿಗೆ ಬಿತ್ತು, ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತವಂತೆ, ಹಡಗಿನಲ್ಲಿ ಬಂದ ಪ್ಲೇಟನ್ನು ಮಿಂಗೆಲ್ ಗ್ರಾಮಾಫೋನಿಗೆ ಹಾಕಿದ, ಉಳಿದವರು ಕಾಗದದಲ್ಲಿ ಬರೆದುಕೊಳ್ಳಲು ಒದ್ದಾಡುತ್ತಿದ್ದರು, ಬೀರಪ್ಪ ಮಾತ್ರ ನಕ್ಕುಬಿಟ್ಟ, ಇದು ಅಪ್ಪನ ಡೊಳ್ಳಲ್ಲವೇ, ಅಪ್ಪನ ಎಡಗೈ ಹೀಗೆಯೇ ತಡೆದು ಬೀಳುತ್ತಿತ್ತು, ಬಿದ್ದೇ ಬಿಟ್ಟಿತು ಎನ್ನುವಾಗ ಬೀಳದೆ, ಇನ್ನು ಬೀಳುವುದಿಲ್ಲ ಎನ್ನುವಾಗ ಬೀಳುತ್ತಿತ್ತು. ಮಿಂಗೆಲ್ ಅವನನ್ನು ಮುಂದಿನ ಸಾಲಿಗೆ ತಂದ. ತುಟಿ ಒತ್ತಬೇಡ ಬೀರಾ, ಅದೇನು ಠಸ್ಸೆಯೇ ಒತ್ತುವುದಕ್ಕೆ, ಮುಟ್ಟಿಸು, ಉಸಿರು ಬಿಡು, ಒತ್ತಿದವನಿಗೆ ಎತ್ತರದ ಸ್ವರ ಬೇಗ ಸಿಗುತ್ತದೆ, ತುಟಿ ಬೇಗ ಸಾಯುತ್ತದೆ. ಮದುವೆಯ ಮಾರನೆಯ ವಾರ ಮುಂಬಯಿಗೆ ಹೋಗಿ ಮಿಂಗೆಲನ ಮುಂದೆ ಊದಿದಾಗ ಬುಸ್ ಎಂದಿತು, ಕಟ್ಟಿಸಿದ ಹಲ್ಲು ಹಾಕಿಕೊಂಡು ಊದಿದಾಗ ಹಲ್ಲು ಗಂಟಲಿಗೆ ಹೋಗುವುದರಲ್ಲಿತ್ತು, ಮಿಂಗೆಲ್ ಕಿಟಕಿಯ ಕಡೆ ಮುಖ ಮಾಡಿ ನಿಂತ. ಬೀರಪ್ಪ ಊರಿಗೆ ಬಂದು ಬೈಲಹೊಂಗಲದ ಒಂದು ಹತ್ತಿ ಗೋದಾಮಿನಲ್ಲಿ ಕಾವಲುಗಾರನಾದ, ಕೇಳಿಕೊಂಡು ಬಂದ ಕಾಲೇಜು ಹುಡುಗರಿಗೆ ಬಾಯಿಮಾತಿನಲ್ಲೇ ಕಾರ್ನೆಟ್ಟು ಹೇಳಿಕೊಡತೊಡಗಿದ.

ಬೀಗರು ಬಂದರಂತೆ — ಇಲ್ಲ, ಇನ್ನೂ ಇಲ್ಲ, ಧೂಳು ಎದ್ದಿದೆ ಅಷ್ಟೇ. ಹುಡುಗ ಈ ಕಡೆ ನೋಡಿದ, ತುಟಿ ಒರೆಸಿಕೊಂಡ, ಮೇಲಿನ ತುಟಿ ಊದಿಕೊಂಡಿದೆ, ಇಷ್ಟು ದೂರದಿಂದಲೂ ಗೊತ್ತಾಗುತ್ತದೆ, ಊದದೆ ಏನು ಮಾಡುತ್ತದೆ, ಎಂಟು ದಿನದಿಂದ ಗೋದಾಮಿನಲ್ಲೇ ಉಳಿದು ಹೊತ್ತು ಹುಟ್ಟುವುದರಿಂದ ಹೊತ್ತು ಮುಳುಗುವವರೆಗೆ ಊದಿದ್ದಾನೆ, ಮದುವಿ ಮುಂದ ಬಿಡಬ್ಯಾಡ ತಮ್ಮಾ, ಬಿಟ್ಟರ ತುಟಿ ಮರತ ಬಿಡತೈತಿ, ಹಾಗೆಂದು ಹೇಳಿಕೊಟ್ಟವನು ಈ ಕುರ್ಚಿಯಲ್ಲಿ ಕೂತಿದ್ದಾನೆ. ಹೋದ ವರ್ಷದ ಹಿಂದಿನ ಸುಗ್ಗಿಯಲ್ಲಿ ನಿಜಗುಣಪ್ಪ ಹತ್ತಿಯ ಧಾರಣೆ ಕೇಳುವುದಕ್ಕೆ ಗೋದಾಮಿಗೆ ಬಂದಿದ್ದ, ಜೊತೆಗೆ ಮಗ ಶಂಕರೆಪ್ಪ, ಧಾರವಾಡದ ಕಾಲೇಜಿಗೆ ಹೊಸದಾಗಿ ಸೇರಿದವನು, ಅಲ್ಲಿಯ ಹುಡುಗರು ಒಂದು ಸಂಗೀತ ಮಂಡಳಿ ಕಟ್ಟಿದ್ದಾರಂತೆ, ವಿದ್ಯಾರ್ಥಿಗಳ ವಸತಿಯಲ್ಲಿ ಯಾರದೋ ಗ್ರಾಮಾಫೋನಿನಲ್ಲಿ ಜಾಝ್ ಕೇಳಿ ಹುಚ್ಚು ಹಿಡಿದಿದೆ, ಕಲಿಸುವವರು ಮಾತ್ರ ಇನ್ನೂ ಸಿಕ್ಕಿಲ್ಲ. ಗೋದಾಮಿನ ಹಿಂದೆ ಕಿತ್ತೂರಿನ ರಾಮಲಿಂಗಪ್ಪ ಪಾಠ ಹೇಳಿಸಿಕೊಳ್ಳುತ್ತಿದ್ದ, ಅವನೂ ಅದೇ ಮಂಡಳಿಯವನು, ಸದ್ದು ಕೇಳಿ ಹುಡುಗ ಓಡಿ ಬಂದ, ಹಿಂದೆ ಅಪ್ಪ. ಬೀರಪ್ಪ ಮೊದಲು ನೋಡಿದ್ದು ಅವನ ಅಂಗೈಯನ್ನು. ನಿಜಗುಣಪ್ಪ ನೇರವಾಗಿ ಮುಖ ನೋಡಿದ, ಬೆಳಕಿನಲ್ಲಿ, ಒಂದು ಮಾರು ದೂರದಿಂದ, ಯಾವ ಊರ್ರಿ ಮಾಸ್ತರ ನಿಮ್ಮದು ಅಂದ. ದೊಡವಾಡ ಎಂದಾಗ, ಹೌದಾ, ನಮ್ಮ ಹೊಲದಾಗ ಕುರಿ ಹಿಂಡ ನಿಲ್ಲಸಾಕ ಅಲ್ಲಿಯವರ ಬರತಾರ, ಭಾಳ ಚಲೋ ಮಂದಿ ಅಂದ. ಮಾಸ್ತರ ಅಂದ, ಚಲೋ ಮಂದಿ ಅಂದ, ನಮ್ಮ ಹುಡುಗಗೂ ಕಲಸ್ರಿ ಅಂದ, ಕಣ್ಣಿನಲ್ಲಿ ಒಂದು ಕದಲಿಕೆ ಇಲ್ಲ. ಮರೆತಿದ್ದಾನೆ. ಮರೆಯುವುದಕ್ಕಾದರೂ ಒಮ್ಮೆ ನೆನಪಿರಬೇಕು, ಅವನ ಲೆಕ್ಕದಲ್ಲಿ ಅವನು ಯಾರಿಗೂ ಹೊಡೆದೇ ಇಲ್ಲ, ಒಂದು ತುತ್ತೂರಿಯ ಬಾಯಿ ಮುಚ್ಚಿಸಿದ್ದ ಅಷ್ಟೇ. ಬೀರಪ್ಪ ವಲ್ಲಿಯ ತುದಿಯನ್ನು ಬಾಯಿಗೆ ಹಿಡಿದು, ಕಲಸತೇನ್ರಿ ಸಾವುಕಾರ, ಯಾಕ ಕಲಸಂಗಿಲ್ಲ ಅಂದ. ಆ ರಾತ್ರಿ ಅವನು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಪಾಠ ಗೋದಾಮಿನ ಒಳಗೆ, ಬೇಕೆಂದೇ ಒಳಗೆ. ರಾಮಲಿಂಗಪ್ಪನಿಗೆ ಹಿಂದಿನ ಬಯಲಿನಲ್ಲಿ, ಕಲ್ಲು ಗೋಡೆಯ ಎದುರು ನಿಲ್ಲಿಸಿ ಕಲಿಸುತ್ತಿದ್ದ, ಊದಿದ್ದು ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ, ಕೆಟ್ಟದಾಗಿ ಊದಿದರೆ ಗೋಡೆಯೇ ಬೈಯುತ್ತದೆ. ಶಂಕರೆಪ್ಪನನ್ನು ಮಾತ್ರ ಹತ್ತಿ ಅಂಡಿಗೆಗಳ ನಡುವೆ, ಸುತ್ತ ಆಳೆತ್ತರ ಹತ್ತಿ, ಹತ್ತಿ ಎಲ್ಲವನ್ನೂ ಕುಡಿದುಬಿಡುತ್ತದೆ, ಒರಟು, ಕರ್ಕಶ, ಸೀಳು ಎಲ್ಲವನ್ನೂ, ಕಿವಿಗೆ ಉಳಿಯುವುದು ಬೆಣ್ಣೆಯಂಥ ಸದ್ದು ಮಾತ್ರ, ಹುಡುಗ ತನ್ನ ಸದ್ದಿಗೆ ತಾನೇ ಮರುಳಾದ. ಬಯಲಾಗ ಗಾಳಿ ಐತಿ, ಎಳೀ ತುಟಿಗೆ ಆಗೂದಿಲ್ಲ ಎಂದು ಬೀರಪ್ಪ ಕಾರಣ ಹೇಳಿದ, ಕಾರ್ನೆಟ್ಟನ್ನೂ ಗೋದಾಮಿನಲ್ಲೇ ಇರಿಸಿಕೊಂಡ. ಮೊದಲ ಪಾಠ, ಒತ್ತು. ಎರಡನೆಯ ಪಾಠ, ಇನ್ನೂ ಒತ್ತು. ಮೇಲಿನ ಸ್ವರ ಬರುತ್ತಿಲ್ಲವೇ, ಒತ್ತು. ನೋವೇ, ನೋವಾದರ ಕಲಿಯಾಕ ಹತ್ತೀದಿ ಅಂತ ತಿಳಕೋ. ಮತ್ತು ಬಂತು, ಬರದೆ ಏನು, ಬೇರೆಯವರು ವರ್ಷ ಒದ್ದಾಡಿದರೂ ಮುಟ್ಟದ ಸ್ವರ ಇವನಿಗೆ ದೀಪಾವಳಿಯ ಒಳಗೆ ಬಂತು, ಕಣ್ಣಲ್ಲಿ ನೀರು, ತುಟಿಯ ಮೇಲೆ ಉಂಗುರದಂಥ ಕೆಂಪು ಗುರುತು, ಮಾಸ್ತರ, ಬಂತ್ರಿ, ಬಂತು, ಹುಡುಗ ಕುಣಿದ. ಆ ಕೆಂಪು ಗುರುತನ್ನು ನೋಡುತ್ತ ಬೀರಪ್ಪನೂ ಕುಣಿದ, ಒಳಗೊಳಗೇ. ಸಾಲವನ್ನು ದಿನಕ್ಕಿಷ್ಟು ತೀರಿಸಿದರೆ ಮನಸ್ಸು ಹೇಗೆ ಹಗುರಾಗುತ್ತದೋ ಹಾಗೆ ಹಗುರಾದ, ಪ್ರತಿ ಶನಿವಾರ ಮೋಟಾರಿನಿಂದ ಇಳಿದು ಹುಡುಗ ಓಡಿ ಬರುವುದನ್ನು ಬಾಗಿಲಲ್ಲಿ ನಿಂತು ಕಾಯುತ್ತಿದ್ದ, ಮೊದಲು ನೋಡುವುದು ತುಟಿಯನ್ನೇ, ಎಷ್ಟು ದಪ್ಪವಾಗಿದೆ, ಒಳಗೆ ಎಲ್ಲಿ ಕತ್ತರಿಸಿದೆ. ಉಪ್ಪುನೀರು ಮುಕ್ಕಳಿಸು ಎಂದು ಹೇಳುವಷ್ಟು ಪ್ರೀತಿಯನ್ನೂ ತೋರಿಸಿದ, ನಂಬಿಕೆ ಗಟ್ಟಿಯಾಗಬೇಕಲ್ಲ.

ಒಂದೇ ಒಂದು ಸಲ ಸಿಕ್ಕಿಬೀಳುವುದರಲ್ಲಿದ್ದ. ವಸತಿಯಲ್ಲಿ ಇಬ್ಬರೂ ಮಾತಾಡಿಕೊಂಡಿದ್ದಾರೆ, ಶನಿವಾರ ಬಂದವನೇ ಶಂಕರೆಪ್ಪ ಕೇಳಿದ, ಮಾಸ್ತರ, ರಾಮಲಿಂಗಪ್ಪಗ ಒತ್ತಬ್ಯಾಡ ಅಂತೀರಂತ, ನನಗ ಒತ್ತು ಅಂತೀರಿ, ಯಾಕ್ರಿ. ಬೀರಪ್ಪನ ಬಾಯಿಗೆ ಮಾತು ಬರುವುದಕ್ಕೆ ತಡವಾಗಲಿಲ್ಲ, ಅವನ ತುಟಿ ತೆಳ್ಳಗ ಐತಿ, ನಿನ್ನದು ದಪ್ಪ, ಒಂದ ಔಷಧ ಎಲ್ಲಾರಿಗೂ ನಡೀತೈತೇನ. ಹುಡುಗ ಸ್ವಲ್ಪ ಹೊತ್ತು ತನ್ನ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ, ಖರೇ ಐತಿ ಅಂದ, ಕೂತು ಒತ್ತಿದ. ನಂಬಿದ, ಎಷ್ಟು ಸಲೀಸಾಗಿ ನಂಬಿದ, ಅವರಪ್ಪನ ಮಗನಿಗೆ ಇಷ್ಟು ನಂಬಿಕೆ ಎಲ್ಲಿಂದ ಬಂತು. ಮಾಯವ್ವ ಗೋದಾಮಿಗೆ ಹೊಂದಿಕೊಂಡ ಮನೆಯ ಒಲೆಯ ಹತ್ತಿರದಿಂದ ಕೇಳಿಸಿಕೊಳ್ಳುತ್ತಿದ್ದಳು, ಹೆಂಡತಿಗೆ ಎಲ್ಲ ಗೊತ್ತು, ಸುಳ್ಳು ಹೇಳಿದರೆ ಬೆನ್ನು ನೋಡಿಯೇ ಕಂಡುಹಿಡಿಯುತ್ತಾಳೆ, ಹುಡುಗ ಹೋದ ಮೇಲೆ ಬಂದು ಎದುರಿಗೆ ಕೂತಳು. ಹೊಡದಾಂವ ಅವರಪ್ಪ, ಈ ಹುಡುಗ ಏನ ಮಾಡ್ಯಾನ. ಅವರಪ್ಪಗ ತುಟಿ ಇಲ್ಲಲ್ಲ ಒತ್ತಸಾಕ ಅಂದ ಬೀರಪ್ಪ. ಅವಳು ಎದ್ದುಹೋದಳು, ಮುಂದಿನ ಶನಿವಾರದಿಂದ ಹುಡುಗನ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕತೊಡಗಿದಳು, ಅವನು ಅವಳನ್ನು ಅವ್ವಾ ಎಂದು ಕರೆಯತೊಡಗಿದ, ಸಾವುಕಾರನ ಮಗ ಕುರುಬರ ಮನೆಯಲ್ಲಿ ಕೂತು ಚಕ್ಕಳಮಕ್ಕಳ ಹಾಕಿ ಉಣ್ಣುತ್ತಿದ್ದ, ಅವರಪ್ಪನಿಗೆ ಗೊತ್ತಾದರೆ ಮಡಿ ನೀರು ಸುರಿದಾನು ಎಂದು ಬೀರಪ್ಪ ನಗುತ್ತಿದ್ದ. ಮಾಯವ್ವ ನಗುತ್ತಿರಲಿಲ್ಲ. ಇವತ್ತು ಮದುವೆಗೆ ಬಾ ಎಂದು ಕರೆದರೂ ಅವಳು ಬರಲಿಲ್ಲ, ನಾ ನೋಡಲಾರೆ ಅಂದಳು.

ಮತ್ತೆ ಆ ಸಂಜೆ, ಅದನ್ನು ನೆನೆಯಬಾರದು, ಬೇಡ, ಬಂಡಿಗಳ ಗಂಟೆ ಕೇಳುತ್ತಿದೆ, ಅದನ್ನು ಕೇಳು — ಆದರೂ ಬರುತ್ತದೆ. ಮಳೆಗಾಲದ ಸಂಜೆ, ಅಂಡಿಗೆಗಳ ನಡುವೆ ಮಬ್ಬು, ಬೀರಪ್ಪ ಬಾಗಿಲಲ್ಲಿ ಬೀಡಿ ಸೇದುತ್ತ ಬೆರಳಿನಿಂದ ಕದಕ್ಕೆ ತಾಳ ಹಾಕುತ್ತಿದ್ದ, ಸುಮ್ಮನೆ, ರೂಢಿ, ಒಳಗೆ ಹುಡುಗ ಕೊಟ್ಟ ಪಾಠವನ್ನು ಊದುತ್ತಿದ್ದ, ನೆಟ್ಟಗೆ, ಕಟ್ಟಿಗೆಯ ಹಾಗೆ, ಹಾಗೆಯೇ ತಾನೇ ಇವನು ಕಲಿಸಿದ್ದು, ಬಗ್ಗಿಸುವುದನ್ನು ಇವನು ಅವನಿಗೆ ತೋರಿಸಿರಲೇ ಇಲ್ಲ, ಮುಚ್ಚಿಟ್ಟಿದ್ದ, ರಾಮಲಿಂಗಪ್ಪನಿಗೆ ಮಾತ್ರ ನೂರು ಸಲ ತೋರಿಸಿದ್ದ, ಆ ದಡ್ಡನಿಗೆ ತಾಳ ಎಂದರೆ ಗಾಣದೆತ್ತಿನ ಸುತ್ತು. ಇದ್ದಕ್ಕಿದ್ದಂತೆ ಒಳಗಿನ ಸ್ವರ ತಡೆಯಿತು. ಕದದ ಮೇಲೆ ಬೆರಳು ಬಿತ್ತು, ಸ್ವರ ಬೀಳಲಿಲ್ಲ, ಇನ್ನು ಬೀಳುವುದಿಲ್ಲ ಎನ್ನುವಾಗ ಬಿತ್ತು. ಬೀರಪ್ಪನ ಬೀಡಿ ಕೈಯಲ್ಲೇ ಉಳಿಯಿತು. ಮತ್ತೆ ತಡೆಯಿತು, ಮತ್ತೆ ಬಿತ್ತು, ಅಪ್ಪನ ಎಡಗೈ, ಯಾರೂ ಕಲಿಸದ್ದು, ಯಾರಿಂದಲೂ ಕಲಿಸಲಾಗದ್ದು, ಇಷ್ಟು ವರ್ಷದಲ್ಲಿ ಬಂದುಹೋದ ಕಾಲೇಜು ಹುಡುಗರಲ್ಲಿ ಒಬ್ಬನಿಗೂ ಸಿಗದ್ದು, ಸಿಕ್ಕಿತೆಂದರೆ ಈ ಮನೆತನದವನಿಗೇ ಸಿಗಬೇಕೇ. ಬೀರಪ್ಪನಿಗೆ ಒಳಗೆ ಓಡಿ ಹೋಗಿ ಹುಡುಗನ ಎರಡೂ ಭುಜ ಹಿಡಿದು ಅಲ್ಲಾಡಿಸಬೇಕು ಎನ್ನಿಸಿತು, ಒತ್ತಬ್ಯಾಡೋ, ಸುಳ್ಳ ಹೇಳೇನಿ, ಎಲ್ಲಾ ಸುಳ್ಳು, ಮೊದಲಿಂದ ಕಲಿಯೂಣು ಬಾ. ಕಾಲು ಒಂದು ಹೆಜ್ಜೆ ಇಟ್ಟೇಬಿಟ್ಟಿತು. ಆಗ ನಾಲಿಗೆ ತನ್ನ ಜಾಗಕ್ಕೆ ಹೋಯಿತು, ನುಣ್ಣನೆಯ ವಸಡಿಗೆ, ಮತ್ತು ಅವನಿಗೆ ಹುಡುಗನ ಮೇಲೆ ಎಂದೂ ಬರದಷ್ಟು ಸಿಟ್ಟು ಬಂತು, ನನ್ನದನ್ನು ಒಡೆದು ಇವನಿಗೆ ಕೊಟ್ಟರಲ್ಲ ಎಂಬ ಸಿಟ್ಟು. ಒಳಗೆ ಹೋಗಿ, ತಾಳ ತಪ್ಪತೀದಿ, ನೆಟ್ಟಗ ಊದು, ಒತ್ತು ಅಂದ. ಹುಡುಗ ನಾಚಿಕೊಂಡು ನೆಟ್ಟಗೆ ಊದಿದ.

ಬಂದರು. ಬಂಡಿಗಳು ನಿಂತವು, ಎತ್ತಿನ ಬೆವರು, ಹೊಸ ಸೀರೆಗಳ ಗಂಜಿ ವಾಸನೆ, ಇಳಕಲ್ಲಿನ ಸೆರಗುಗಳು, ಮುದುಕ ಬೀಗ ಕೋಲೂರಿ ಇಳಿಯುತ್ತಿದ್ದಾನೆ, ನಿಜಗುಣಪ್ಪ ಕೈಮುಗಿದು ಬಗ್ಗಿದ, ಮಗನ ಕಡೆ ಕಣ್ಣು ಮಾಡಿದ, ಹುಡುಗ ಕಾದ ಹಿತ್ತಾಳೆಯನ್ನು ತುಟಿಗಿಟ್ಟ. ಬೀರಪ್ಪ ಕುರ್ಚಿಯ ಕೈಗಳನ್ನು ಹಿಡಿದುಕೊಂಡ. ಹತ್ತಿಯಿಲ್ಲದ ಬಯಲು, ಮೊದಲ ಸ್ವರವೇ ತಗಡು ಹರಿದ ಹಾಗೆ ಕೇಳಿಸಿತು, ಹುಡುಗನೇ ಬೆಚ್ಚಿದ, ಇದು ನನ್ನ ಸದ್ದೇ ಎಂದು, ಹಾ, ನಿನ್ನದೇ, ಇದೇ ನಿನ್ನ ಸದ್ದು, ಕೇಳು, ಎಲ್ಲರೂ ಕೇಳಲಿ, ಬೀಗರ ಹೆಂಗಸೊಬ್ಬಳು ಮೂಗು ಮುರಿದಳು, ನಿಜಗುಣಪ್ಪನ ನಗು ಮುಖದ ಮೇಲೆ ಹಾಗೇ ಒಣಗಿತು, ಹೀಗೇ, ಹೀಗೇ ಆಗಬೇಕು, ಬೀರಪ್ಪನ ಎದೆಯಲ್ಲಿ ಇಷ್ಟು ವರ್ಷ ಗಂಟಾಗಿದ್ದದ್ದು ಬಿಚ್ಚಿಕೊಳ್ಳುತ್ತಿತ್ತು. ಆದರೆ ಹುಡುಗ ನಿಲ್ಲಿಸಲಿಲ್ಲ. ಸದ್ದು ಕೈಕೊಟ್ಟಿತೆಂದು ತಿಳಿದ ಕೂಡಲೇ ಬೇರೊಂದನ್ನು ಹಿಡಿದ, ಧಾಟಿಯನ್ನು ತಡೆದ, ಬಗ್ಗಿಸಿದ, ಬೀರಪ್ಪ ಮುಚ್ಚಿಟ್ಟದ್ದನ್ನೇ ತೆಗೆದು ಬೀಗರ ಮುಂದೆ ಇಟ್ಟ, ಆ ಒರಟು ತಗಡಿನ ಸದ್ದಿಗೇ ಒಂದು ನಡೆ ಬಂತು, ಬಂಡಿಯವರ ಕಾಲು ಎದ್ದವು, ಮುದುಕ ಬೀಗನ ಕೋಲು ನೆಲಕ್ಕೆ ತಾಳ ಕುಟ್ಟಿತು, ಇದು ಯಾವ ಪದ್ಧತಿ ಎಂದು ಯಾರೂ ಕೇಳಲಿಲ್ಲ, ಯಾರೂ ಅಂಗೈ ಎತ್ತಲಿಲ್ಲ, ಸಾವುಕಾರನ ಮಗನಲ್ಲವೇ, ಅವನು ಬಗ್ಗಿಸಿದರೆ ಅದು ಕಲೆ. ನಿಜಗುಣಪ್ಪ ಹೆಮ್ಮೆಯಿಂದ ತಲೆ ಅಲ್ಲಾಡಿಸಿದ. ಅದನ್ನು ನೋಡಿ ಬೀರಪ್ಪ, ಒತ್ತು, ಎಂದು ಮನಸ್ಸಿನಲ್ಲೇ ಹೇಳಿದ, ಒತ್ತು, ಮುದುಕ ಬೀಗ ಇನ್ನೂ ಕಾಲು ತೊಳೆದಿಲ್ಲ, ಪಾನಕ ಇನ್ನೂ ದೂರ ಇದೆ.

ಕಾಲು ತೊಳೆಯುವ ಹೊತ್ತಿಗೆ ಸ್ವರ ನಡುಗಿತು. ಹುಡುಗ ಒತ್ತಿದ, ನಡುಕ ನಿಂತಿತು, ಮತ್ತೆ ನಡುಗಿತು, ಮತ್ತೆ ಒತ್ತಿದ, ಕಾರ್ನೆಟ್ಟು ಹಿಡಿದ ಕೈಯ ನರ ಎದ್ದವು, ಗದ್ದದ ಮೇಲೆ ಸಣ್ಣ ಕೆಂಪು ಗೆರೆ ಇಳಿಯಿತು, ಬೆವರಿನ ಜೊತೆ, ಅಂಗಿಯ ಕೊರಳಿಗೆ. ಒಬ್ಬರಾದ ಮೇಲೊಬ್ಬರಿಗೆ ಕಂಡಿತು, ಹೆಂಗಸರ ಕಡೆ ಗುಸುಗುಸು, ಆದರೆ ವಾದ್ಯ ನಿಲ್ಲುವ ಹಾಗಿಲ್ಲ, ವಾಜಂತ್ರಿಯವರು ಹಿತ್ತಲಲ್ಲಿ ಊಟಕ್ಕೆ ಕೂತಿದ್ದಾರೆ, ಕರೆಯಲು ಆಳು ಓಡಿದ್ದಾನೆ, ನಿಜಗುಣಪ್ಪ ಮಗನ ಹತ್ತಿರ ಹೋಗಿ ಸಾಕೋ, ಬಿಡೋ ಎಂದ, ಹುಡುಗ ತಲೆ ಅಲ್ಲಾಡಿಸಿದ, ಅಕ್ಕನ ಮದುವೆ, ನಿಲ್ಲಿಸುವುದಿಲ್ಲ, ಅವನ ಕಣ್ಣು ಅಪ್ಪನ ಮೇಲಿಲ್ಲ, ಅಪ್ಪನನ್ನು ದಾಟಿ ಹಂದರದ ನೆರಳಿನಲ್ಲಿ ಏನನ್ನೋ ಹುಡುಕುತ್ತಿದೆ. ನಿಜಗುಣಪ್ಪ ತಿರುಗಿದ, ಕುರ್ಚಿಯ ಹತ್ತಿರ ಬಂದ, ಬಗ್ಗಿದ, ಬೀಗರಿಗೆ ಬಗ್ಗಿದ್ದಕ್ಕಿಂತ ಕೆಳಗೆ, ಎರಡೂ ಕೈ ಜೋಡಿಸಿದ, ಮಾಸ್ತರ, ನೀವ ಹೇಳ್ರಿ, ನನ್ನ ಮಾತ ಕೇಳವಲ್ಲ, ನಿಮ್ಮ ಮಾತ ಅಂದ್ರ ಅವಗ ದೇವರ ಮಾತ, ನಿಲ್ಲಸಂತ ಹೇಳ್ರಿ. ಇದೇ, ಇದೇ ಗಳಿಗೆ, ಇದಕ್ಕಾಗಿಯೇ ಅಲ್ಲವೇ ಎಲ್ಲ, ಅವನ ಕೈ ಜೋಡಿಸಿದೆ, ಅವನ ಮಗನ ಬಾಯಲ್ಲಿ ರಕ್ತ ಇದೆ, ಅವನ ಬೀಗರು ನೋಡುತ್ತಿದ್ದಾರೆ, ಅವನಿಗೆ ಗೊತ್ತಾಗಬೇಕು, ಯಾರು, ಏಕೆ, ಅದೊಂದು ಗೊತ್ತಾದರೆ ಸಾಕು, ಬೀರಪ್ಪ ವಲ್ಲಿಯನ್ನು ಬಾಯಿಂದ ತೆಗೆದ, ಮೀಸೆಯನ್ನು ಬೆರಳಿನಿಂದ ಮೇಲಕ್ಕೆತ್ತಿದ, ಸಾವುಕಾರನ ಮುಖಕ್ಕೆ ಮುಖ ಕೊಟ್ಟು ಬಾಯಿ ತೆರೆದು ತೋರಿಸಿದ. ಇದ ಅಂಗಳ ಸಾವುಕಾರ, ನಿಮ್ಮ ತಮ್ಮನ ಲಗ್ನದಾಗ, ನೆನಪ ಐತೇನ್ರಿ. ನಿಜಗುಣಪ್ಪ ನೋಡಿದ. ಖಾಲಿ ಜಾಗವನ್ನು ಗಮನ ಕೊಟ್ಟು ನೋಡಿದ, ಹುಬ್ಬು ಕೂಡಿಸಿ ನೆನಪಿನಲ್ಲಿ ಹುಡುಕಿದ, ಪಾಪ, ನಿಜವಾಗಿಯೂ ಹುಡುಕಿದ, ಏನೂ ಸಿಗಲಿಲ್ಲ, ಮುಖದಲ್ಲಿ ಮರುಕ ಬಂತು. ಅಯ್ಯ, ಹೆಂಗ ಬಿದ್ದಾವ್ರಿ ಮಾಸ್ತರ ಹಲ್ಲ ಅಂದ.

ಹೆಂಗ ಬಿದ್ದಾವ್ರಿ ಅಂದ. ಕೇಳಿದವನು ಎದುರಿಗೆ ನಿಂತಿದ್ದಾನೆ, ಕೈ ಇನ್ನೂ ಜೋಡಿಸಿಯೇ ಇದೆ, ಉತ್ತರಕ್ಕೆ ಕಾಯುವಷ್ಟು ಸಜ್ಜನಿಕೆಯೂ ಇದೆ, ಇವನಿಗೆ ಏನು ಹೇಳುವುದು, ಎಲ್ಲಿಂದ ಹೇಳುವುದು, ಹೇಳಿದರೂ ಅದು ಇವನಿಗೆ ಯಾರದೋ ಊರಿನ ಸುದ್ದಿ. ಕೈ ಎತ್ತಬೇಕು, ಮೊದಲು ಕೈ ಎತ್ತಬೇಕು, ಹುಡುಗನಿಗೆ ಸಾಕು ಎನ್ನಬೇಕು, ಒಂದು ಕೈ, ಅಷ್ಟೇ, ಕೈ ಕುರ್ಚಿಯನ್ನು ಬಿಡುತ್ತಿಲ್ಲ, ಬೆತ್ತದೊಳಗೆ ಬೆರಳು ಸಿಕ್ಕಿದಂತಿದೆ, ಮತ್ತು ಸಾವುಕಾರನ ಭುಜದ ಆಚೆ, ಬಿಸಿಲಿನಲ್ಲಿ, ಹುಡುಗನ ಕಣ್ಣಿಗೆ ಕೊನೆಗೂ ಮಾಸ್ತರ ಸಿಕ್ಕಿದ್ದಾನೆ. ಸಿಕ್ಕಿದ ಸಮಾಧಾನಕ್ಕೆ ಆ ಕಣ್ಣು ಅರಳಿತು. ಸ್ವರ ನಡುಗುತ್ತಿದೆ, ಅವನು ಹುಬ್ಬನ್ನು ಸ್ವಲ್ಪ ಮೇಲೆತ್ತಿದ, ಏನ ಮಾಡ್ಲಿ ಮಾಸ್ತರ ಎಂದು ಕಣ್ಣಲ್ಲೇ ಕೇಳಿದ, ಮಾಸ್ತರನ ಬಾಯಿ ಇನ್ನೂ ತೆರೆದೇ ಇದೆ, ಅದರಲ್ಲಿ ಹುಡುಗನಿಗೆ ಹಳೆಯ ಪಾಠವೇ ಕೇಳಿಸಿರಬೇಕು, ಅರ್ಥವಾಯಿತೆಂಬ ಹಾಗೆ ತಲೆ ಆಡಿಸಿದ, ಒತ್ತಿದ. ಮತ್ತೆ ನೋಡಿದ. ಇನ್ನೂ ಒತ್ತಿದ, ಮತ್ತೆ ನೋಡಿದ, ಸರಿಯೇನ್ರಿ ಎಂಬಂತೆ, ಆ ಕಣ್ಣು, ಬಿಸಿಲಿಗೆ ಕಿರಿದಾಗಿ ಮತ್ತೆ ಬೀರಪ್ಪನ ಕಡೆಗೇ ತೆರೆದುಕೊಳ್ಳುವ ಆ ಕಣ್ಣು, ಮತ್ತೆ ನೋಡಿದ